ಬಿರುಕು ಮೊದಲೇ ಇತ್ತೇನ್ರಿ?

ರಾಯಚೂರು ಜಿಲ್ಲೆಯ ನಮ್ಮೂರಿನ ಮನೆಯ ಪಡಸಾಲೆ ಗೋಡೆಯಲ್ಲಿ ಒಂದು ಬಿರುಕಿದೆ. ಬಾಗಿಲ ಚೌಕಟ್ಟಿನ ಬಲ ಮೂಲೆಯಿಂದ ಹೊರಟು, ಅಜ್ಜನ ಫೋಟೊ ಹಿಂದೆ ಹಾದು, ತೊಲೆಯವರೆಗೆ ಏರಿದೆ. ಅವ್ವ ಎರಡು ದೀಪಾವಳಿಗೆ ಸುಣ್ಣ ಬಳಿದು ಅದನ್ನು ಮುಚ್ಚಿದಳು. ಎರಡು ಸಲವೂ ಅದು ಮತ್ತೆ ಬಾಯಿ ಬಿಟ್ಟಿತು. ಊರಿಂದ ಅರ್ಧ ಕಿಲೊಮೀಟರ್ ದೂರದ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಶುರುವಾದ ಮೇಲೆ ಬಂದ ಬಿರುಕು ಅದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಧ್ಯಾಹ್ನ ಸಿಡಿತ ಆದಾಗ ಅಡುಗೆಮನೆಯ ನಾಗೊಂದಿಗೆಯ ಮೇಲಿನ ಡಬ್ಬಿಗಳು ಸದ್ದು ಮಾಡುತ್ತವೆ. ಆ ಸದ್ದಿಗೆ ನಾವು ಒಗ್ಗಿಹೋಗಿದ್ದೇವೆ. ಗೋಡೆ ಮಾತ್ರ ಒಗ್ಗಲಿಲ್ಲ.

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಒಂದು ಅರ್ಜಿ ಬರೆಸಿದರು. ಬರೆದವಳು ನಾನೇ. ಇಬ್ಬರೂ ಬಸ್ಸು ಹಿಡಿದು ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ಕೂರಿಸಿ, ಅರ್ಜಿಯನ್ನು ಪೂರ್ತಿ ಓದಿ, ಒಂದೇ ಪ್ರಶ್ನೆ ಕೇಳಿದರು: ‘ಈ ಬಿರುಕು ಮೊದಲೇ ಇತ್ತೇನ್ರಿ?’

‘ಇರಲಿಲ್ರಿ ಸಾಹೇಬ್ರ. ನಮ್ಮ ಮನಿ, ನಮಗ ಗೊತ್ತಿಲ್ಲೇನ್ರಿ?’ ಎಂದರು ಅಪ್ಪ.

‘ನಿಮಗ ಗೊತ್ತದ ಯಜಮಾನ್ರ. ಕಾಗದಕ್ಕ ಗೊತ್ತಿಲ್ಲಲ್ಲ.’

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆದರೆ ಆ ಪ್ರಶ್ನೆಗೆ ಉತ್ತರ ನನ್ನ ಬಳಿಯೂ ಇರಲಿಲ್ಲ.

ಸೆಮಿನಾರ್ ತಂದ ಪೆನ್ಸಿಲ್ವೇನಿಯಾ

ಎರಡು ವರ್ಷಗಳ ನಂತರ ಧಾರವಾಡದಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದುವಾಗ ಸೆಮಿನಾರ್‌ಗೆ ವಿಷಯ ಆರಿಸಬೇಕಿತ್ತು. ಗಣಿಗಾರಿಕೆಯಿಂದ ಪಕ್ಕದವರ ಮನೆ, ಬಾವಿಗೆ ಆಗುವ ಹಾನಿಯ ಬಗ್ಗೆ ಮಾತಾಡುತ್ತೇನೆ ಎಂದೆ. ನಮ್ಮ ಸರ್ ನಕ್ಕು, ‘ಹಂಗಾದ್ರ ಕಲ್ಲಿದ್ದಲಿನಿಂದ ಶುರು ಮಾಡು. ಈ ಜಗಳ ಭಾಳ ಹಳೇದು ಅಲ್ಲಿ. ಪೆನ್ಸಿಲ್ವೇನಿಯಾದ ಕತಿ ಓದು’ ಅಂದರು. ಅಷ್ಟೇ ಅಲ್ಲ, ನಮ್ಮ ವಿಭಾಗದಲ್ಲೇ ಓದಿ, ಈಗ ಅಮೆರಿಕದ ಆ ರಾಜ್ಯದಲ್ಲಿ ಅಂತರ್ಜಲ ತಜ್ಞರಾಗಿ ಕೆಲಸ ಮಾಡುವ ಹಿರಿಯ ವಿದ್ಯಾರ್ಥಿಯೊಬ್ಬರ ನಂಬರನ್ನೂ ಕೊಟ್ಟರು.

ಮೊದಲ ವಿಡಿಯೊ ಕಾಲ್‌ನಲ್ಲೇ ‘ಅಣ್ಣಾ, ನಿಮ್ಮ ಕೆಲಸ ಏನು?’ ಎಂದು ಕೇಳಿದೆ. ‘ನೆಲದ ಕೆಳಗ ಗಣಿ ಬರೂ ಮೊದಲ ಮೇಲಿನ ಮನಿಗಳಿಗೆ ಹೋಗೋದು, ಬಾವಿ ಅಳಿಯೋದು, ನೀರು ಶೀಶೆಗೆ ತುಂಬೋದು, ಗೋಡಿ ಫೋಟೊ ಹೊಡಿಯೋದು, ಬಿರುಕು ಎಷ್ಟು ಅಗಲ ಅದ ಅಂತ ಬರಿಯೋದು’ ಎಂದರು.

‘ಇದಕ್ಕೂ ಸಂಬಳ ಕೊಡ್ತಾರಾ?’

‘ಇದಕ್ಕ ಕೊಡ್ತಾರ ತಂಗಿ. ಇದನ್ನ ಮಾಡಲಿಲ್ಲ ಅಂದ್ರ ಆಮೇಲೆ ಬರೀ ಜಗಳ.’

ಅಪ್ಪನ ಅರ್ಜಿಯಲ್ಲಿ ಇಲ್ಲದ ಕಾಗದ ಯಾವುದು ಎಂದು ನನಗೆ ಆ ರಾತ್ರಿ ಗೊತ್ತಾಯಿತು.

ಮೇಲಿನ ಹೊಲ ನನ್ನದು, ಕೆಳಗಿನದು ಯಾರದು?

ಪೆನ್ಸಿಲ್ವೇನಿಯಾದ ರೈತರ ಕಷ್ಟ ಅರ್ಥವಾಗಬೇಕಾದರೆ ಅಲ್ಲಿನ ಖರೀದಿ ಪತ್ರಗಳನ್ನು ಓದಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಅನೇಕರು ಹೊಲವನ್ನು ತಾವಿಟ್ಟುಕೊಂಡು, ಅದರ ಕೆಳಗಿನ ಕಲ್ಲಿದ್ದಲನ್ನು ಮಾತ್ರ ಕಂಪೆನಿಗಳಿಗೆ ಮಾರಿದರು. ಇನ್ನು ಕೆಲವು ಕಡೆ ಕಂಪೆನಿಗಳೇ ಕಲ್ಲಿದ್ದಲನ್ನು ಉಳಿಸಿಕೊಂಡು ಮೇಲಿನ ನೆಲ ಮಾರಿದವು. ಆ ರಾಜ್ಯದ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಜಮೀನಿನಲ್ಲಿ ಮೂರು ಆಸ್ತಿಗಳನ್ನು ಗುರುತಿಸಿತು: ಮೇಲ್ಮೈ, ಕಲ್ಲಿದ್ದಲು ಮತ್ತು ಮೇಲ್ಮೈ ಕುಸಿಯದಂತೆ ಕೆಳಗಿನಿಂದ ಸಿಗುವ ಆಸರೆ. ಆಸರೆಯನ್ನೂ ಮಾರಬಹುದಿತ್ತು. ಮಾಳಿಗೆ ಇಟ್ಟುಕೊಂಡು ಕಂಬ ಮಾರಿದ ಹಾಗೆ.

1878ರ ಇಂಥದೊಂದು ಪತ್ರ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೆಳಗೆ ಗಣಿ ಬಂದರೆ ಆಗುವ ನಷ್ಟವೆಲ್ಲ ಮೇಲಿನವರದ್ದೇ ಎಂದು ಅದರಲ್ಲಿ ಬರೆದಿತ್ತು. ಮನೆಗಳ ಕೆಳಗೆ ಕುಸಿತವಾಗುವಂತೆ ಅಗೆಯಬಾರದು ಎಂದು ರಾಜ್ಯ 1921ರಲ್ಲಿ ಕಾನೂನು ತಂದಿತು. ಮೇಹನ್ ಎಂಬ ಕುಟುಂಬ ಅದನ್ನು ನಂಬಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1922ರಲ್ಲಿ ತೀರ್ಪು ಕಂಪೆನಿಯ ಕಡೆಗೆ ಬಂತು. ರಾಜ್ಯ ಪರಿಹಾರ ಕೊಡದೆ ಕಂಪೆನಿಯ ಹಕ್ಕನ್ನು ಇಷ್ಟು ದೂರ ಕಿತ್ತುಕೊಳ್ಳುವಂತಿಲ್ಲ ಎಂಬುದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹೋಮ್ಸ್ ಅವರ ವಾದ. ಒಪ್ಪದೆ ಭಿನ್ನ ತೀರ್ಪು ಬರೆದವರು ಬ್ರಾಂಡೈಸ್ ಒಬ್ಬರೇ. ಇಂದಿಗೂ ಕಾನೂನು ವಿದ್ಯಾರ್ಥಿಗಳು ಈ ಪ್ರಕರಣವನ್ನು ಓದುತ್ತಾರೆ.

ಕೆಂಟಕಿ ರಾಜ್ಯದಲ್ಲಿ ಇನ್ನೂ ಘೋರ. ಅಲ್ಲಿ ಅಜ್ಜಂದಿರ ಕಾಲದಲ್ಲಿ ಹೆಬ್ಬೆಟ್ಟೊತ್ತಿದ ಪತ್ರಗಳನ್ನು ಹಿಡಿದು ಬುಲ್‌ಡೋಜರ್‌ಗಳು ಮೊಮ್ಮಕ್ಕಳ ಗುಡ್ಡಗಳನ್ನು ಮೇಲಿನಿಂದಲೇ ಕೆರೆಯತೊಡಗಿದವು. ಪತ್ರ ಬರೆಯುವಾಗ ಅಂಥ ಯಂತ್ರ ಇರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. 1965ರಲ್ಲಿ ಆಲಿ ಕೋಂಬ್ಸ್ ಎಂಬ 61 ವರ್ಷದ ವಿಧವೆ ತಮ್ಮ ಮನೆಯ ಮೇಲಿನ ಗುಡ್ಡದಲ್ಲಿ ಬುಲ್‌ಡೋಜರ್‌ಗೆ ಅಡ್ಡ ಕೂತರು. ಪೊಲೀಸರು ಆಕೆಯನ್ನು ಕೈಕಾಲು ಹಿಡಿದು ಎತ್ತಿಕೊಂಡು ಹೋಗುವ ಫೋಟೊ ಪತ್ರಿಕೆಗಳಲ್ಲಿ ಬಂತು. ಪತ್ರದಲ್ಲಿ ಹೇಳದಿದ್ದರೆ, ಅದು ಬರೆದ ಕಾಲದಲ್ಲಿ ಆ ಭಾಗದಲ್ಲಿ ಬಳಕೆಯಲ್ಲಿದ್ದ ವಿಧಾನದಲ್ಲಷ್ಟೇ ಗಣಿ ಮಾಡಬೇಕು ಎಂದು ಕೆಂಟಕಿಯ ಮತದಾರರು ಸಂವಿಧಾನಕ್ಕೆ ತಿದ್ದುಪಡಿ ತಂದದ್ದು 1988ರಲ್ಲಿ. ಆ ತಾಯಿ ನೆಲದ ಮೇಲೆ ಕೂತು 23 ವರ್ಷಗಳ ನಂತರ.

‘ಬನ್ನಿ, ಜತೆಗೇ ನೋಡೋಣ’

ಇಂಥ ಹೋರಾಟಗಳ ಫಲವಾಗಿ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಕಲ್ಲಿದ್ದಲು ಗಣಿ ನಿಯಂತ್ರಣ ಕಾನೂನು ಬಂತು. ಅಧ್ಯಕ್ಷ ಫೋರ್ಡ್ ಎರಡು ಸಲ ತಡೆದ ಮಸೂದೆಗೆ ಅಧ್ಯಕ್ಷ ಕಾರ್ಟರ್ 1977ರ ಆಗಸ್ಟ್ 3ರಂದು ಸಹಿ ಹಾಕಿದರು. ಆ ಕಾನೂನಿನ ಮೂರು ಅಂಶಗಳನ್ನು ನಾನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಒಂದು, ಗಣಿಯಲ್ಲಿ ನಿಯಮ ಮುರಿದಿದೆ ಎಂದು ಯಾರು ಬೇಕಾದರೂ ಬರೆದು ದೂರು ಕೊಡಬಹುದು. ರಾಷ್ಟ್ರೀಯ ಕಚೇರಿಗೆ ಅದರಲ್ಲಿ ಹುರುಳಿದೆ ಅನ್ನಿಸಿದರೆ ರಾಜ್ಯಕ್ಕೆ ಹತ್ತು ದಿನಗಳ ನೋಟಿಸ್ ಹೋಗುತ್ತದೆ. ಅಷ್ಟರಲ್ಲಿ ರಾಜ್ಯ ಕ್ರಮ ಕೈಗೊಳ್ಳಬೇಕು, ಇಲ್ಲವೇ ಏಕೆ ಇಲ್ಲ ಎಂದು ಸರಿಯಾದ ಕಾರಣ ಕೊಡಬೇಕು. ಎರಡೂ ಇಲ್ಲದಿದ್ದರೆ ರಾಷ್ಟ್ರೀಯ ತನಿಖಾಧಿಕಾರಿಯೇ ಸ್ಥಳಕ್ಕೆ ಬರುತ್ತಾರೆ.

ಎರಡು, ಹಾಗೆ ತನಿಖೆ ನಡೆಯುವಾಗ ದೂರು ಕೊಟ್ಟವರಿಗೆ ಅಧಿಕಾರಿಯ ಜತೆ ಗಣಿಯೊಳಗೆ ಹೋಗುವ ಹಕ್ಕಿದೆ. ‘ಆಯ್ತು, ನೋಡ್ತೀವಿ’ ಎಂದು ಮನೆಗೆ ಕಳಿಸುವುದಕ್ಕೂ ‘ಬನ್ನಿ, ಜತೆಗೇ ನೋಡೋಣ’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಳ್ಳಲೂಬಹುದು. ಆದರೆ ಜತೆಗೆ ಹೋದರೆ ಗುಟ್ಟು ಉಳಿಯುವುದಿಲ್ಲ.

ಮೂರು, ಸಿಡಿಮದ್ದು ಬಳಸುವ ಗಣಿಯಿಂದ ಅರ್ಧ ಮೈಲಿಯೊಳಗಿನ ಮನೆಯವರು ಕೇಳಿದರೆ, ಸಿಡಿಸುವ ಮೊದಲೇ ಕಂಪೆನಿ ತನ್ನ ಖರ್ಚಿನಲ್ಲಿ ಆ ಮನೆಯ ಸ್ಥಿತಿಯನ್ನು ದಾಖಲಿಸಿ, ವರದಿಯ ಪ್ರತಿ ಕೊಡಬೇಕು. ಹೀಗೆ ಕೇಳುವ ಹಕ್ಕಿದೆ ಎಂದು ಕಂಪೆನಿಯೇ ಕನಿಷ್ಠ 30 ದಿನ ಮೊದಲು ಮನೆಯವರಿಗೆ ತಿಳಿಸಬೇಕು. ವರದಿಯಲ್ಲಿ ತಪ್ಪಿದ್ದರೆ ಮನೆಯವರು ತಕರಾರು ಬರೆದು ಕೊಡಬಹುದು.

ಅರ್ಧ ಮೈಲಿ ಅಂದರೆ ಸುಮಾರು 800 ಮೀಟರ್. ನಮ್ಮ ಮನೆ ಕ್ವಾರಿಯಿಂದ ಅರ್ಧ ಕಿಲೊಮೀಟರ್. ಅದು ಕಲ್ಲಿದ್ದಲಿನ ಕಾನೂನು, ಕಲ್ಲಿನ ಕ್ವಾರಿಯದ್ದಲ್ಲ, ನಮ್ಮ ದೇಶದ್ದೂ ಅಲ್ಲ. ಆದರೂ ಓದುತ್ತಿದ್ದಾಗ ನನ್ನ ಕಣ್ಮುಂದೆ ಬಂದದ್ದು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂತ ಅಪ್ಪನ ಮುಖ.

ಅಂಗಳದಲ್ಲಿ ನಿಂತ ನೀರೆಮ್ಮೆ

ಪೆನ್ಸಿಲ್ವೇನಿಯಾದ ನೈರುತ್ಯ ಮೂಲೆಯ ವಾಷಿಂಗ್ಟನ್ ಮತ್ತು ಗ್ರೀನ್ ಕೌಂಟಿಗಳಲ್ಲಿ ಈಗ ಲಾಂಗ್‌ವಾಲ್ ಎಂಬ ವಿಧಾನದಲ್ಲಿ ಕಲ್ಲಿದ್ದಲು ತೆಗೆಯುತ್ತಾರೆ. ನೂರಾರು ಅಡಿ ಆಳದಲ್ಲಿ, ಸಾವಿರ ಅಡಿಗೂ ಹೆಚ್ಚು ಅಗಲದ, ಎರಡು ಮೈಲಿಗೂ ಉದ್ದದ ಕಲ್ಲಿದ್ದಲಿನ ಪಟ್ಟಿಯನ್ನು ಯಂತ್ರ ಪೂರ್ತಿ ಕೊರೆದು ತೆಗೆಯುತ್ತದೆ. ಹಿಂದೆ ಆಸರೆಗೆ ಏನೂ ಉಳಿಯುವುದಿಲ್ಲ. ಯಂತ್ರ ಮುಂದೆ ಹೋದಂತೆ ಹಿಂದಿನ ಚಾವಣಿ ಕುಸಿಯುತ್ತದೆ. ಮೇಲಿನ ನೆಲ ಕೆಲವು ಕಡೆ ನಾಲ್ಕು ಅಡಿಯವರೆಗೂ ಇಳಿಯುತ್ತದೆ. ಇದು ಅಪಘಾತವಲ್ಲ, ಮೊದಲೇ ಲೆಕ್ಕ ಹಾಕಿದ ಕುಸಿತ. ಯಾವ ಮನೆಯ ಕೆಳಗೆ ಯಾವ ತಿಂಗಳು ಯಂತ್ರ ಬರುತ್ತದೆ ಎಂಬುದು ನಕ್ಷೆಯಲ್ಲಿರುತ್ತದೆ.

ಅದಕ್ಕೇ ಕೆಲವು ಮನೆಗಳ ಸುತ್ತ ಮೊದಲೇ ಕಂದಕ ತೋಡುತ್ತಾರೆ, ಉಕ್ಕಿನ ಹಗ್ಗ ಬಿಗಿಯುತ್ತಾರೆ, ಕೆಳಗೆ ಮರದ ದಿಮ್ಮಿಗಳ ಆಸರೆ ಕೊಡುತ್ತಾರೆ. ನೆಲ ಇಳಿದು ನಿಂತ ಮೇಲೆ ಎಲ್ಲವನ್ನೂ ಬಿಚ್ಚುತ್ತಾರೆ. ಮನೆಯನ್ನಾದರೂ ಕಟ್ಟಿ ಹಿಡಿಯಬಹುದು, ನೀರನ್ನು ಹಿಡಿಯುವುದು ಹೇಗೆ? ನೆಲದೊಳಗಿನ ಬಂಡೆ ಸೀಳಿದರೆ ಬಾವಿ, ಬುಗ್ಗೆ, ಹಳ್ಳಗಳ ನೀರು ದಾರಿ ಬದಲಿಸುತ್ತದೆ. ನೀರು ಹೋದ ಮನೆಯಂಗಳಕ್ಕೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು ಬರುತ್ತದೆ. ಲಾರಿಯಲ್ಲಿ ನೀರು ತಂದು ತುಂಬುತ್ತಾರೆ. ಅದಕ್ಕೆ ಅಲ್ಲಿನ ಜನ ಇಟ್ಟ ಹೆಸರು ‘ವಾಟರ್ ಬಫಲೊ’. ಅಂದರೆ ನೀರೆಮ್ಮೆ. ‘ಎಮ್ಮಿ ಅಂಗಳದಾಗ ಬಂದು ನಿಂತರ ನಮ್ಮ ಕಡೆ ಖುಷಿ. ಇಲ್ಲಿ ಅದು ಬಂತಂದ್ರ ಬಾವಿ ಸತ್ತದ ಅಂತ ಅರ್ಥ’ ಎಂದರು ಅಣ್ಣ.

ಸಾಬೀತು ಮಾಡಬೇಕಾದವರು ಯಾರು?

ಇಲ್ಲಿ ಒಂದು ಮುಖ್ಯ ತಿರುವಿದೆ. 1966ರ ರಾಜ್ಯ ಕಾನೂನು ಆಗ ಇದ್ದ ಮನೆಗಳಿಗೆ ಆಸರೆ ಬಿಡಲೇಬೇಕು ಎಂದಿತ್ತು. ಆ ಕಾನೂನನ್ನು 1987ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿಯಿತು. 1922ರ ಸೋಲಿಗೆ 65 ವರ್ಷಗಳ ನಂತರ ಸಿಕ್ಕ ಉತ್ತರ ಅದು. ಆದರೆ 1994ರಲ್ಲಿ ರಾಜ್ಯ ‘ಆ್ಯಕ್ಟ್ 54’ ಎಂಬ ಹೊಸ ತಿದ್ದುಪಡಿ ತಂದಿತು. ಅದೊಂದು ಕೊಡು-ಕೊಳ್ಳುವ ಒಪ್ಪಂದ. ಕಂಪೆನಿಗಳಿಗೆ ಮನೆಗಳ ಕೆಳಗೂ ಹೋಗಲು ಹೆಚ್ಚು ಅವಕಾಶ ಸಿಕ್ಕಿತು. ಬದಲಿಗೆ ಹಾಳಾದ ಮನೆಯನ್ನು ಹಳೆಯದೋ ಹೊಸದೋ ಎಂದು ನೋಡದೆ ದುರಸ್ತಿ ಮಾಡಬೇಕು ಅಥವಾ ಪರಿಹಾರ ಕೊಡಬೇಕು, ಹೋದ ನೀರಿಗೆ ಬದಲಿ ನೀರು ಕೊಡಬೇಕು.

ನನಗೆ ತುಂಬ ಹಿಡಿಸಿದ ಅಂಶ ನೀರಿಗೆ ಸಂಬಂಧಿಸಿದ್ದು. ಕಲ್ಲಿದ್ದಲು ತೆಗೆದ ಜಾಗದ ಅಂಚಿನಿಂದ ಮೇಲ್ಮುಖವಾಗಿ ಹೊರಗಡೆಗೆ 35 ಡಿಗ್ರಿ ಓರೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಆ ಗೆರೆ ನೆಲಕ್ಕೆ ತಾಗುವವರೆಗಿನ ಪ್ರದೇಶದಲ್ಲಿ ಬಾವಿ ಬತ್ತಿದರೆ ಅಥವಾ ಕೆಟ್ಟರೆ, ಅದಕ್ಕೆ ಗಣಿಯೇ ಕಾರಣ ಎಂದು ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲ ಎನ್ನುವುದಾದರೆ ಕಂಪೆನಿ ಸಾಬೀತು ಮಾಡಬೇಕು. ತಿಳಿಸಿದ 24 ಗಂಟೆಯೊಳಗೆ ತಾತ್ಕಾಲಿಕ ನೀರು ಕೊಡಬೇಕು. ಬಾವಿ ಬತ್ತಿದ ಮನೆಯ ತಾಯಿ ಭೂವಿಜ್ಞಾನಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ!

ಮನೆಯ ದೂರಿಗೂ ದಾರಿ ಗೊತ್ತುಪಡಿಸಿದ್ದಾರೆ. ಮೊದಲು ಕಂಪೆನಿಗೆ ತಿಳಿಸಬೇಕು. ಆರು ತಿಂಗಳಲ್ಲಿ ಒಪ್ಪಂದವಾಗದಿದ್ದರೆ ರಾಜ್ಯದ ಪರಿಸರ ಇಲಾಖೆಗೆ ಲಿಖಿತ ದೂರು. ಹಾನಿಯಾದ ಎರಡು ವರ್ಷಗಳೊಳಗೆ ಅದು ಸಲ್ಲಿಕೆಯಾಗಬೇಕು. ಗಡುವು ಇಬ್ಬರಿಗೂ ಇದೆ, ಕಂಪೆನಿಗೂ, ಮನೆಯವರಿಗೂ.

ಹಾಗಾದರೆ ಕಂಪೆನಿ ಹೇಗೆ ತಪ್ಪಿಸಿಕೊಳ್ಳುತ್ತದೆ? ದಾರಿಗಳನ್ನು ಕಾನೂನೇ ಹೇಳುತ್ತದೆ. ಬಾವಿ ಮೊದಲೇ ಕೆಟ್ಟಿತ್ತು ಎಂದು ಗಣಿಗೆ ಮುಂಚಿನ ಸಮೀಕ್ಷೆಯಿಂದ ತೋರಿಸುವುದು ಒಂದು. ಮನೆಯವರು ಸಮೀಕ್ಷೆಗೆ ಬಿಡಲಿಲ್ಲ ಎಂದು ತೋರಿಸುವುದು ಇನ್ನೊಂದು.

ಈ ಎರಡನೆಯದರ ಬಗ್ಗೆ ಅಣ್ಣ ಒಂದು ಘಟನೆ ಹೇಳಿದರು. ಒಬ್ಬ ವೃದ್ಧ ರೈತ ಅವರನ್ನು ಗೇಟಿನಿಂದಲೇ ವಾಪಸು ಕಳಿಸಿದರಂತೆ. ‘ನೀವು ಕಂಪೆನಿ ಕಡೆಯವರು, ನನ್ನ ಬಾವಿ ಮುಟ್ಟಬೇಡಿ.’ ಅವರ ಮಾತು ಸುಳ್ಳಲ್ಲ, ಸಮೀಕ್ಷೆಗೆ ಹಣ ಕೊಡುವುದು ಕಂಪೆನಿಯೇ. ಅಣ್ಣ ಮತ್ತೊಮ್ಮೆ ಹೋದರು. ಆಗಲೂ ಬಾಗಿಲು ತೆರೆಯಲಿಲ್ಲ. ಮುಂದಿನ ವರ್ಷ ಬಾವಿ ಬತ್ತಿತು. ಕಂಪೆನಿಯೇ ಕಾರಣ ಎಂದು ಮೊದಲೇ ಭಾವಿಸುವ ಅನುಕೂಲ ಅವರ ಕೈತಪ್ಪಿತ್ತು. ಎಲ್ಲವನ್ನೂ ಅವರೇ ಸಾಬೀತು ಮಾಡಬೇಕಾಯಿತು. ‘ಸಿಟ್ಟು ನ್ಯಾಯವಾದದ್ದೇ ತಂಗಿ. ಆದ್ರ ಬಾಗಲ ಹಾಕಿದ್ದು ಕಂಪೆನಿ ಮುಖಕ್ಕಲ್ಲ, ತಮ್ಮ ಸಾಕ್ಷಿ ಮುಖಕ್ಕ. ಸಮೀಕ್ಷೆ ಮಾಡಿಸಿಕೊಂಡು, ಪ್ರತಿ ಇಸಕೊಂಡು, ತಪ್ಪಿದ್ರ ಅಲ್ಲೇ ತಕರಾರು ಬರದಿದ್ರ ಅದೇ ಕಾಗದ ಅವರ ಕಡೆ ಮಾತಾಡ್ತಿತ್ತು.’

ಎಲ್ಲವೂ ಬಗೆಹರಿಯುವುದಿಲ್ಲ

ಅಲ್ಲೆಲ್ಲ ಸ್ವರ್ಗ ಎಂದು ಬರೆದರೆ ಸುಳ್ಳಾಗುತ್ತದೆ. ವರ್ಷ ದಾಟಿದರೂ ಮುಗಿಯದ ದೂರುಗಳಿವೆ. ಅನೇಕರು ಇಲಾಖೆಯ ತೀರ್ಮಾನಕ್ಕೆ ಕಾಯದೆ ಕಂಪೆನಿಯೊಂದಿಗೆ ಖಾಸಗಿಯಾಗಿ ರಾಜಿಯಾಗುತ್ತಾರೆ. ಕೆಲವರು ಮನೆಯನ್ನೇ ಕಂಪೆನಿಗೆ ಮಾರಿ ಹೋಗುತ್ತಾರೆ. ಕಡತದಲ್ಲಿ ಅದೂ ‘ಬಗೆಹರಿದ ದೂರು’.

ಗ್ರೀನ್ ಕೌಂಟಿಯ ರೈಯರ್ಸನ್ ಸ್ಟೇಷನ್ ಉದ್ಯಾನದಲ್ಲಿ ಡ್ಯೂಕ್ ಎಂಬ ಕೆರೆಯಿತ್ತು. ಸುಮಾರು 62 ಎಕರೆ. ಅಣೆಕಟ್ಟಿನಲ್ಲಿ ಬಿರುಕು ಕಂಡಿದ್ದರಿಂದ 2005ರಲ್ಲಿ ನೀರು ಖಾಲಿ ಮಾಡಿದರು. ಹತ್ತಿರದ ಲಾಂಗ್‌ವಾಲ್ ಗಣಿಯೇ ಕಾರಣ ಎಂದು ಪರಿಸರ ಇಲಾಖೆ ಹೇಳಿತು, ಕಂಪೆನಿ ಒಪ್ಪಲಿಲ್ಲ. 2013ರಲ್ಲಿ 3.6 ಕೋಟಿ ಡಾಲರ್‌ಗೆ ರಾಜಿಯಾಯಿತು. ಆದರೆ ನೆಲ ಇನ್ನೂ ಕದಲುತ್ತಿದೆ, ಅಣೆಕಟ್ಟು ಮತ್ತೆ ಕಟ್ಟುವಂತಿಲ್ಲ ಎಂದು 2015ರಲ್ಲಿ ರಾಜ್ಯ ಪ್ರಕಟಿಸಿತು. ಸರ್ಕಾರವೇ ದೂರುದಾರನಾದಾಗಲೂ ಹಣ ಬಂತು, ಕೆರೆ ಬರಲಿಲ್ಲ.

ಇದನ್ನು ಓದಿದ ಮೇಲೆ, ಪರಿಹಾರ ಎಂಬ ಪದವನ್ನು ನಾನು ಸ್ವಲ್ಪ ಹುಷಾರಾಗಿ ಬಳಸುತ್ತೇನೆ.

ನಮ್ಮ ಬಲ್ಬಿನ ಹಿಂದಿನ ಮನೆಗಳು

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ನಮಗೇನು ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರವಿದೆ. ಅಲ್ಲಿಗೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲಿನ ರೈಲು ಬರುತ್ತದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್‌ನ ಗಣಿ ಹಂಚಿಕೆಯಾಗಿರುವುದೇ ಕರ್ನಾಟಕದ ವಿದ್ಯುತ್ ನಿಗಮಕ್ಕೆ. ಹಾಸ್ಟೆಲಿನಲ್ಲಿ ನಾನು ಓದಿದ ಬೆಳಕಿನ ಹಿಂದೆ ಯಾರದೋ ಹೊಲವಿದೆ, ಯಾರದೋ ಗೋಡೆಯಿದೆ.

ನಮ್ಮ ದೇಶದಲ್ಲಿ ಕಲ್ಲಿದ್ದಲು ಭೂಮಿ ಸ್ವಾಧೀನಕ್ಕೆ 1957ರ ಪ್ರತ್ಯೇಕ ಕಾಯ್ದೆಯಿದೆ. ಸ್ವಾಧೀನದ ಉದ್ದೇಶ ಪ್ರಕಟವಾದ 30 ದಿನಗಳಲ್ಲಿ ಆಕ್ಷೇಪ ಸಲ್ಲಿಸಬೇಕು. ಪರಿಹಾರದ ಮೊತ್ತಕ್ಕೆ ಒಪ್ಪಿಗೆಯಾಗದಿದ್ದರೆ ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಆದರೆ ಇದು ಜಮೀನು ಹೋದವರ ದಾರಿ. ಜಮೀನು ಹೋಗದೆ, ಗಣಿಯ ಬೇಲಿಯಾಚೆ ಉಳಿದು, ಗೋಡೆ ಮಾತ್ರ ಬಿರುಕು ಬಿಟ್ಟವರು ಬೇರೆ ಬಾಗಿಲು ಬಡಿಯಬೇಕು.

ಆ ಬಾಗಿಲುಗಳಲ್ಲಿ ಕೆಲವು ಕಲ್ಲಿನ ಕ್ವಾರಿಯ ಪಕ್ಕದವರಿಗೂ ಉಪಯೋಗಕ್ಕೆ ಬರುತ್ತವೆ. ಸಿಡಿತದ ಕಂಪನಕ್ಕೆ ಧನಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲೇ ಮಿತಿ ಹೇಳಿದೆ. ಗಣಿ ಮಾಲೀಕರದ್ದಲ್ಲದ ವಾಸದ ಮನೆಯ ಬಳಿ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ನೆಲದ ಕಂಪನ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 8ರಿಂದ 25 ಹರ್ಟ್ಸ್‌ವರೆಗೆ 10, ಅದಕ್ಕೂ ಮೇಲೆ 15 ಮಿಲಿಮೀಟರ್. ‘ಭಾಳ ಅದರ್ತದ್ರಿ’ ಎನ್ನುವ ಬದಲು ‘ನಮ್ಮ ಮನೆ ಬಳಿ ಅಳೆದಿದ್ದೀರಾ? ಎಷ್ಟು ಬಂತು?’ ಎಂದು ಕೇಳಬಹುದು. ಅಳತೆಯ ದಾಖಲೆ ಕಚೇರಿಯಲ್ಲಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಪರಿಸರ ಹಾನಿಯ ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಐದು ವರ್ಷಗಳೊಳಗೆ ಹೋಗಬಹುದು. ಕರ್ನಾಟಕದ ಪ್ರಕರಣಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ. ಎಲ್ಲಿಗೆ ಹೋದರೂ ಮೊದಲ ಪ್ರಶ್ನೆ ಅದೇ: ಮೊದಲು ಹೇಗಿತ್ತು?

ದಸರೆ ರಜೆಯ ಸಮೀಕ್ಷೆ

ಕ್ವಾರಿ ಇನ್ನೊಂದು ಮಗ್ಗುಲಿಗೆ ವಿಸ್ತರಣೆಯಾಗುತ್ತದೆ ಎಂಬ ಸುದ್ದಿ ಬಂದಾಗ ನಾನು ಅಪ್ಪನಿಗೆ ಫೋನ್ ಮಾಡಿ, ‘ಈ ಸಲ ಅರ್ಜಿ ಆಮ್ಯಾಲ, ಮೊದಲು ಅಳತಿ’ ಎಂದೆ. ದಸರೆ ರಜೆಗೆ ಮೂವರು ಗೆಳತಿಯರನ್ನು ಕರೆದುಕೊಂಡು ಊರಿಗೆ ಹೋದೆ. ಎಂಟು ದಿನಗಳಲ್ಲಿ 37 ಮನೆ, 11 ಬೋರ್‌ವೆಲ್.

ದೊಡ್ಡ ಸಲಕರಣೆ ಏನೂ ಇರಲಿಲ್ಲ. ಬಿರುಕಿನ ಪಕ್ಕ ಸ್ಟೀಲ್ ಸ್ಕೇಲ್ ಹಿಡಿದು, ಆ ದಿನದ ಪತ್ರಿಕೆಯ ತಾರೀಖು ಕಾಣುವಂತೆ ಇಟ್ಟು ಫೋಟೊ. ಕೋಣೆಗೆ ನಾಲ್ಕೂ ಗೋಡೆ, ಬಿರುಕಿಲ್ಲದ ಗೋಡೆಯೂ. ಬೋರ್‌ವೆಲ್ ಚಾಲೂ ಮಾಡಿ ಕೊಡ ತುಂಬಲು ಎಷ್ಟು ಸೆಕೆಂಡು ಎಂಬ ಲೆಕ್ಕ. ಪ್ರತಿ ಮನೆಗೆ ಒಂದು ಹಾಳೆ, ಯಜಮಾನರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಒಂದು ಪ್ರತಿ ಮನೆಗೆ, ಒಂದು ಪಂಚಾಯ್ತಿಗೆ, ಒಂದು ಕ್ವಾರಿಯವರಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ.

ಓಣಿಯ ಕಾಕಾ ಒಬ್ಬರು ಒಳಗೆ ಬಿಡಲಿಲ್ಲ. ‘ಮಗಳ ಲಗ್ನದ ಮಾತುಕತಿ ನಡದದವ್ವ. ಮನಿ ಬಿರುಕು ಬಿಟ್ಟದ ಅಂತ ಊರಿಗೆಲ್ಲ ಯಾಕ ಗೊತ್ತಾಗಬೇಕು?’ ನಾನು ವಾದ ಮಾಡಲಿಲ್ಲ. ಪೆನ್ಸಿಲ್ವೇನಿಯಾದ ವೃದ್ಧ ರೈತನ ಕತೆ ಹೇಳಿ ಬಂದೆ. ನಾಲ್ಕನೇ ದಿನ ಅವರೇ ಬಂದು, ‘ಫೋಟೊ ಊರಾಗ ಯಾರಿಗೂ ತೋರಸೂದಿಲ್ಲಲ್ಲ?’ ಎಂದು ಕೇಳಿ ಕರೆದುಕೊಂಡು ಹೋದರು.

ನಮ್ಮ ಮನೆಯ ಹಾಳೆಯಲ್ಲಿ ‘ಪಡಸಾಲೆ ಗೋಡೆಯ ಬಿರುಕು, 3 ಮಿಲಿಮೀಟರ್, ಈಗಾಗಲೇ ಇದೆ’ ಎಂದು ನಾನೇ ಬರೆದೆ. ಅಪ್ಪನಿಗೆ ಅದು ಸರಿ ಕಾಣಲಿಲ್ಲ. ‘ನಮ್ಮ ಕೈಲೇ ನಾವು ಬರಕೊಟ್ಟಂಗ ಆತಲ್ಲ?’ ಎಂದರು. ‘ಇದ್ದದ್ದನ್ನ ಇದ್ದಂಗ ಬರದ್ರನ ನಾಳೆ ಆಗಿದ್ದನ್ನ ನಂಬ್ತಾರಪ್ಪ’ ಎಂದೆ. ಆ ಹಳೆಯ ಬಿರುಕಿಗೆ ನಮಗೆ ಪರಿಹಾರ ಸಿಗಲಿಕ್ಕಿಲ್ಲ. ಅದನ್ನು ಒಪ್ಪಿಕೊಳ್ಳುವುದು ಅಪ್ಪನಿಗಿಂತ ನನಗೇ ಕಷ್ಟವಾಯಿತು.

ಸಿವಿಲ್ ಎಂಜಿನಿಯರಿಂಗ್ ಓದುವ ಗೆಳತಿ ಒಂದು ಉಪಾಯ ಹೇಳಿಕೊಟ್ಟಳು. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಟ್ಟಿಯಾಗಿ ಅಂಟು ಹಾಕಬೇಕು. ಗೋಡೆ ಸ್ವಲ್ಪ ಕದಲಿದರೂ ಗಾಜು ಒಡೆಯುತ್ತದೆ. ನಾವು ಹಚ್ಚಿ, ಪಕ್ಕದಲ್ಲಿ ತಾರೀಖು ಬರೆದೆವು. ಅವ್ವ ಅದಕ್ಕೆ ಕೈ ತಾಗಬಾರದೆಂದು ಅಜ್ಜನ ಫೋಟೊವನ್ನು ಎದುರು ಗೋಡೆಗೆ ಹಾಕಿದಳು.

ಫೆಬ್ರುವರಿಯಲ್ಲಿ ಅಪ್ಪನ ಫೋನ್ ಬಂತು. ‘ಗಾಜು ಒಡದದ.’

‘ಯಾವಾಗಪ್ಪ?’

‘ಇವತ್ತ, ಮಧ್ಯಾಹ್ನ ಎರಡೂ ಹತ್ತಕ್ಕ. ಸಿಡಿತ ಆದಕೂಡ್ಲೆ ನೋಡೀನಿ. ತಾರೀಖು ಹಾಕಿ ಬರದೀನಿ, ಬಾಜೂ ಮನಿಯವರ ಸಹಿ ತಗೊಂಡೀನಿ, ಫೋಟೊ ಹೊಡದೀನಿ.’

ಈ ಸಲ ಅಪ್ಪ ಒಬ್ಬರೇ ಕಚೇರಿಗೆ ಹೋದರು. ಅದೇ ಪ್ರಶ್ನೆ ಬಂತಂತೆ. ಅಪ್ಪ ಮಾತಾಡದೆ ಹಾಳೆಗಳನ್ನು ಮೇಜಿನ ಮೇಲಿಟ್ಟರಂತೆ. ಅರ್ಜಿಗೆ ಮುದ್ರೆ, ಸ್ವೀಕೃತಿ ಸಂಖ್ಯೆ ಸಿಕ್ಕಿತು. ಮೂರು ವಾರದ ನಂತರ ಇಬ್ಬರು ಸಿಬ್ಬಂದಿ ಕಂಪನ ಅಳೆಯುವ ಯಂತ್ರದ ಜತೆ ಊರಿಗೆ ಬಂದರು. ಅಳೆಯುವಾಗ ಅಪ್ಪ ಪಕ್ಕದಲ್ಲೇ ನಿಂತಿದ್ದರು. ವರದಿ ಇನ್ನೂ ಬಂದಿಲ್ಲ. ಅದು ನಮ್ಮ ಪರವಾಗಿ ಬರುತ್ತದೆಯೇ ಗೊತ್ತಿಲ್ಲ. ಕಂಪನ ಮಿತಿಯೊಳಗೇ ಇದೆ ಎಂದು ಬಂದರೂ ಬರಬಹುದು.

ಗೆಳೆಯರೇ, ಓದು ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಂಥವರ ಕೈಯಲ್ಲಿ ಅಧಿಕಾರವಿಲ್ಲ, ಹಣವಿಲ್ಲ. ಆದರೆ ಒಂದು ಮೊಬೈಲ್, ಒಂದು ಸ್ಕೇಲ್, ನಾಲ್ಕು ಸಾಲು ತಪ್ಪಿಲ್ಲದೆ ಬರೆಯುವ ಶಕ್ತಿ ಇದೆ. ನಿಮ್ಮೂರ ಹತ್ತಿರ ಕ್ವಾರಿಯೋ, ರಸ್ತೆಯೋ, ಸುರಂಗವೋ ಬರುವ ಸುದ್ದಿ ಕೇಳಿದರೆ, ಮುಂದಿನ ರಜೆಗೆ ಊರಿಗೆ ಹೋದಾಗ ಗೋಡೆಗಳ ಫೋಟೊ ತೆಗೆದಿಡಿ. ಬಾವಿಯ ನೀರು ಅಳೆದು ತಾರೀಖು ಹಾಕಿ ಬರೆದಿಡಿ. ಹಾನಿ ಆಗದಿದ್ದರೆ ಒಂದು ಹಾಳೆ ಖರ್ಚು, ಅಷ್ಟೇ. ಆದರೆ, ನಿಮ್ಮ ಅಪ್ಪ ಕಚೇರಿಯಲ್ಲಿ ಉತ್ತರವಿಲ್ಲದೆ ನಿಲ್ಲಬೇಕಾಗುವುದಿಲ್ಲ.